ಎಂಟಕ್ಕೆ ಏಳು ಸೋಲು: ಟೆಡ್ ಕೆನಡಿ ಲೆಕ್ಕ

ಅಮೆರಿಕದ ಸೆನೆಟ್ ಪ್ರವೇಶಿಸಲು ಅಲ್ಲಿನ ಸಂವಿಧಾನ ಕೇಳುವ ಕನಿಷ್ಠ ವಯಸ್ಸು 30. ಮ್ಯಾಸಚೂಸೆಟ್ಸ್ ರಾಜ್ಯದಿಂದ 1962ರ ನವೆಂಬರ್ 7ರಂದು ಸೆನೆಟರ್ ಆದಾಗ ಎಡ್ವರ್ಡ್ ಮೂರ್ ‘ಟೆಡ್’ ಕೆನಡಿ ಅವರಿಗೆ 30 ತುಂಬಿ ಎಂಟೂವರೆ ತಿಂಗಳಾಗಿತ್ತು, ಅಷ್ಟೆ. ಆಗ ದಿಲ್ಲಿಯಲ್ಲಿ ನೆಹರೂ ಪ್ರಧಾನಿ, ಹಿಮಾಲಯದ ಗಡಿಯಲ್ಲಿ ಚೀನಾ ಜೊತೆ ಯುದ್ಧ, ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. 2009ರ ಆಗಸ್ಟ್ 25ರ ರಾತ್ರಿ ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗಲೂ ಅವರು ಅದೇ ರಾಜ್ಯದ ಸೆನೆಟರ್. ನಡುವೆ ಕಳೆದದ್ದು 46 ವರ್ಷ ಒಂಬತ್ತೂವರೆ ತಿಂಗಳು. ದಿನಗಳಲ್ಲಿ ಎಣಿಸಿದರೆ 17,000ಕ್ಕೂ ಹೆಚ್ಚು.

ಅಷ್ಟು ದಿನಗಳಲ್ಲಿ ಶ್ವೇತಭವನದಲ್ಲಿ ಹತ್ತು ಮಂದಿ ಅಧ್ಯಕ್ಷರಿದ್ದರು. ಮೊದಲನೆಯವರು ಸ್ವಂತ ಅಣ್ಣ ಜಾನ್ ಎಫ್. ಕೆನಡಿ, ಹತ್ತನೆಯವರು ಬರಾಕ್ ಒಬಾಮಾ. ಒಬಾಮಾ ಹುಟ್ಟಿ ಸುಮಾರು 15 ತಿಂಗಳಾದಾಗ ಟೆಡ್ ಕೆನಡಿ ಸೆನೆಟ್‌ಗೆ ಬಂದಿದ್ದರು. ಆ ಒಂದೇ ಸ್ಥಾನಕ್ಕೆ ಅವರು ಒಂಬತ್ತು ಚುನಾವಣೆ ಗೆದ್ದರು. ಸದನದಲ್ಲಿ ಹೆಸರು ಕರೆದು ಮತ ಕೇಳುವ ಪದ್ಧತಿಯಲ್ಲಿ 15,000ಕ್ಕೂ ಹೆಚ್ಚು ಬಾರಿ ಮತ ಹಾಕಿದರು. ಭಾನುವಾರ, ಹಬ್ಬ, ರಜೆ, ಆಸ್ಪತ್ರೆಯ ದಿನ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೂ ಹತ್ತು ದಿನಕ್ಕೆ ಒಂಬತ್ತು ಮತ ಬರುತ್ತದೆ.

ಇವೆಲ್ಲ ದೊಡ್ಡ ಅಂಕಿಗಳೇ. ಆದರೆ ನಿಜವಾಗಿ ಬೆರಗು ಹುಟ್ಟಿಸುವ ಲೆಕ್ಕ ಬೇರೆ. ಕೆನಡಿ ತಮ್ಮ ಹೆಸರಿನಲ್ಲಿ ಮಂಡಿಸಿದ ಮಸೂದೆಗಳು ಸುಮಾರು 2,500. ಅವುಗಳಲ್ಲಿ ಕಾಯಿದೆಯಾದವು 300ಕ್ಕಿಂತ ಸ್ವಲ್ಪ ಹೆಚ್ಚು. ಎಂಟಕ್ಕೆ ಒಂದು ಗೆದ್ದಿತು, ಏಳು ಬಿದ್ದವು. ಇಪ್ಪತ್ತನೇ ಶತಮಾನದ ಅಮೆರಿಕದ ಉದಾರವಾದಿ ರಾಜಕಾರಣದಲ್ಲಿ ಅತ್ಯಂತ ಫಲ ಕೊಟ್ಟ ಶಾಸಕ ಎಂದು ಹೆಸರಾದ ವ್ಯಕ್ತಿ ಎರಡು ಸಾವಿರಕ್ಕೂ ಹೆಚ್ಚು ಸಲ ಸೋತಿದ್ದಾರೆ. ಬಿದ್ದ ಮಸೂದೆಯ ಒಂದೊಂದು ಕಲಮು ಹತ್ತು ವರ್ಷದ ಮೇಲೆ ಇನ್ಯಾರದೋ ಮಸೂದೆಯ ಹೊಟ್ಟೆಯಲ್ಲಿ ಸೇರಿ ಪಾಸಾದದ್ದೂ ಉಂಟು. ಶಾಸನಸಭೆಯಲ್ಲಿ ಚಿಕ್ಕ ಅಂಕಿಯೊಂದನ್ನು ಬಿಡದೆ ತಳ್ಳುತ್ತಾ ಹೋದರೆ ಅದು ಕೋಟಿ ಜನರ ಬದುಕಿಗೆ ಹೇಗೆ ತಲುಪುತ್ತದೆ ಎಂಬುದಕ್ಕೆ ಈ ಮನುಷ್ಯನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹೆಸರಿನ ಬಲ

ಆರಂಭವಂತೂ ಸ್ವಂತ ಬಲದ್ದಲ್ಲ. ಜೋಸೆಫ್ ಮತ್ತು ರೋಸ್ ಕೆನಡಿ ದಂಪತಿಯ ಒಂಬತ್ತು ಮಕ್ಕಳಲ್ಲಿ ಇವರೇ ಕೊನೆಯವರು, 1932ರ ಫೆಬ್ರುವರಿ 22ರಂದು ಹುಟ್ಟಿದವರು. ಹಾರ್ವರ್ಡ್‌ನಲ್ಲಿ ಓದುವಾಗ ಸ್ಪ್ಯಾನಿಷ್ ಪರೀಕ್ಷೆಗೆ ಗೆಳೆಯನನ್ನು ಕೂರಿಸಿ ಸಿಕ್ಕಿಬಿದ್ದು ಹೊರಬಿದ್ದರು, ಎರಡು ವರ್ಷ ಸೈನ್ಯದಲ್ಲಿದ್ದು ಮತ್ತೆ ಸೇರಿಕೊಂಡರು. ಅಣ್ಣ 1960ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದಾಗ ಅವರ ಸೆನೆಟ್ ಸ್ಥಾನ ತೆರವಾಯಿತು. ತಮ್ಮನಿಗೆ ಆಗ 28. ವಯಸ್ಸು ಸಾಲದು. ಹಾಗಾಗಿ ಮನೆಯವರ ಆಪ್ತ ಬೆಂಜಮಿನ್ ಸ್ಮಿತ್ ಅವರನ್ನು ಆ ಜಾಗಕ್ಕೆ ನೇಮಿಸಿ, ತಮ್ಮನಿಗೆ 30 ಆಗುವವರೆಗೆ ಕಾಯಲಾಯಿತು. ಪಕ್ಷದೊಳಗಿನ ಎದುರಾಳಿ ಎಡ್ವರ್ಡ್ ಮೆಕಾರ್ಮಕ್ ಚರ್ಚೆಯೊಂದರಲ್ಲಿ ಮುಖಕ್ಕೇ ಚುಚ್ಚಿದರು: ಹೆಸರಿನ ಕೊನೆಯ ಪದ ಕಿತ್ತುಹಾಕಿ ಬರೀ ಎಡ್ವರ್ಡ್ ಮೂರ್ ಎಂದಿದ್ದಿದ್ದರೆ ನಿಮ್ಮ ಉಮೇದುವಾರಿಕೆಯನ್ನು ನೋಡಿ ಜನ ನಗುತ್ತಿದ್ದರು ಎಂದು. ಮಾತು ಸುಳ್ಳಲ್ಲ. ಆದರೂ ಜನ ಶೇ 55ರಷ್ಟು ಮತ ಕೊಟ್ಟು ಗೆಲ್ಲಿಸಿದರು.

ಹೆಸರು ಬಾಗಿಲು ತೆರೆಯಿತು, ಹಾಗೆಯೇ ಸಾವುಗಳನ್ನೂ ತಂದಿತು. 1963ರ ನವೆಂಬರ್ 22ರ ಮಧ್ಯಾಹ್ನ ಸೆನೆಟ್‌ನ ಪೀಠದಲ್ಲಿ ಕುಳಿತು ಕಲಾಪ ನಡೆಸುತ್ತಿದ್ದವರು ಟೆಡ್ ಅವರೇ. ಡಲ್ಲಾಸ್‌ನಲ್ಲಿ ಅಣ್ಣನಿಗೆ ಗುಂಡೇಟು ಬಿದ್ದ ಸುದ್ದಿ ಅಲ್ಲಿಗೇ ಬಂತು. 1968ರಲ್ಲಿ ಇನ್ನೊಬ್ಬ ಅಣ್ಣ ರಾಬರ್ಟ್ ಗುಂಡಿಗೆ ಬಲಿಯಾದರು. ಹಿರಿಯಣ್ಣ ಜೋ 1944ರಲ್ಲೇ ಯುದ್ಧ ವಿಮಾನದಲ್ಲಿ ಸತ್ತಿದ್ದರು. ನಾಲ್ವರು ಗಂಡುಮಕ್ಕಳಲ್ಲಿ ಉಳಿದವರು ಒಬ್ಬರೇ, ಆಗ ಅವರಿಗೆ 36 ವರ್ಷ.

ಒಂದೇ ದಿನದ ಎರಡು ಸುದ್ದಿ

ಸೆನೆಟ್‌ನಲ್ಲಿ 100 ಮಂದಿ, ರಾಜ್ಯಕ್ಕೆ ಇಬ್ಬರಂತೆ. ಆದರೆ ಅಲ್ಲಿ 51 ಮತ ಇದ್ದರೆ ಸಾಲದು. ಒಂದು ಮಸೂದೆ ಇಷ್ಟವಿಲ್ಲದವರು ಮಾತಾಡುತ್ತಲೇ ಹೋಗಿ ಮತದಾನವನ್ನೇ ತಡೆಯಬಹುದು. ಅದಕ್ಕೆ ಫಿಲಿಬಸ್ಟರ್ ಎನ್ನುತ್ತಾರೆ. ಚರ್ಚೆ ನಿಲ್ಲಿಸಬೇಕಾದರೆ 1975ರವರೆಗೆ ಹಾಜರಿದ್ದವರ ಮೂರನೇ ಎರಡು ಪಾಲು ಬೇಕಿತ್ತು, ಆಮೇಲೆ ಅದು 60 ಮತಕ್ಕೆ ಇಳಿಯಿತು. ಕೆನಡಿ ಬದುಕಿನ ಅರ್ಧ ಲೆಕ್ಕ ಈ 60ರ ಸುತ್ತಲೇ ಇದೆ.

ಹೊಸ ಸದಸ್ಯರು ಬಾಯಿ ಮುಚ್ಚಿಕೊಂಡಿರುವುದು ಆಗಿನ ರೂಢಿ. ಕೆನಡಿ ಹದಿನೇಳು ತಿಂಗಳು ಸುಮ್ಮನಿದ್ದು, 1964ರ ಏಪ್ರಿಲ್ 9ರಂದು ಮೊದಲ ದೊಡ್ಡ ಭಾಷಣಕ್ಕೆ ಎದ್ದು ನಿಂತರು. ವಿಷಯ, ಕರಿಯರಿಗೆ ಸಮಾನ ಹಕ್ಕು ಕೊಡುವ ನಾಗರಿಕ ಹಕ್ಕುಗಳ ಮಸೂದೆ. ದಕ್ಷಿಣದ ಸೆನೆಟರುಗಳು ಅದನ್ನು 60 ಕಲಾಪದ ದಿನಗಳ ಕಾಲ ಮಾತಿನಲ್ಲೇ ತಡೆದು ನಿಲ್ಲಿಸಿದ್ದರು. ಜೂನ್ 10ರಂದು 71–29 ಮತಗಳಿಂದ ಆ ಮಾತು ನಿಂತಿತು. ಜೂನ್ 19ರ ಸಂಜೆ 73–27ರಲ್ಲಿ ಮಸೂದೆ ಪಾಸಾಯಿತು.

ಮತ ಹಾಕಿದ ಕೆನಡಿ ಅದೇ ಸಂಜೆ ಪುಟ್ಟ ವಿಮಾನ ಹತ್ತಿ ತಮ್ಮ ರಾಜ್ಯದ ಪಕ್ಷದ ಸಮಾವೇಶಕ್ಕೆ ಹೊರಟರು. ಮಂಜು ಕವಿದ ರಾತ್ರಿ, ಇಳಿಯುವ ಜಾಗಕ್ಕೆ ಕೆಲವೇ ಮೈಲಿ ಉಳಿದಿರುವಾಗ ವಿಮಾನ ಸೇಬಿನ ತೋಟಕ್ಕೆ ಬಿದ್ದಿತು. ಪೈಲಟ್ ಮತ್ತು ಕೆನಡಿಯವರ ಸಹಾಯಕ ಎಡ್ವರ್ಡ್ ಮಾಸ್ ಸತ್ತರು. ಜೊತೆಗಿದ್ದ ಸೆನೆಟರ್ ಬರ್ಚ್ ಬೈ ಮುರಿದ ವಿಮಾನದಿಂದ ಕೆನಡಿಯವರನ್ನು ಎಳೆದು ಹೊರತಂದರು. ಬೆನ್ನುಮೂಳೆಯ ಮೂರು ಮಣಿ ಮುರಿದಿದ್ದವು, ಒಂದು ಶ್ವಾಸಕೋಶ ಕುಸಿದಿತ್ತು. ಸುಮಾರು ಆರು ತಿಂಗಳು ಆಸ್ಪತ್ರೆ. ಬೆನ್ನು ಅಲುಗಾಡದಂತೆ ಚೌಕಟ್ಟಿಗೆ ಬಿಗಿದು, ಹೊತ್ತು ಹೊತ್ತಿಗೆ ಕವುಚಿ ಮಲಗಿಸುತ್ತಿದ್ದರು. ಆ ಸ್ಥಿತಿಯಲ್ಲೇ ಅವರು ಮೇಷ್ಟ್ರುಗಳನ್ನು ಕರೆಸಿಕೊಂಡರು. ಅದಕ್ಕೆ ಒಂದು ವರ್ಷ ಹಿಂದಷ್ಟೇ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜಾನ್ ಕೆನೆತ್ ಗಾಲ್‌ಬ್ರೆತ್ ಬಂದು ಅರ್ಥಶಾಸ್ತ್ರ ಹೇಳಿಕೊಟ್ಟರು. ಪರೀಕ್ಷೆಗೆ ಗೆಳೆಯನನ್ನು ಕೂರಿಸಿದ್ದ ಹುಡುಗ ಮಲಗಿದಲ್ಲೇ ಪಾಠ ಕಲಿತ. ಆ ವರ್ಷದ ಚುನಾವಣೆಯಲ್ಲಿ ಒಂದು ದಿನವೂ ಬೀದಿಗಿಳಿಯದೆ ಶೇ 74 ಮತ ಪಡೆದರು. ಪ್ರಚಾರಕ್ಕೆ ಓಡಾಡಿದವರು ಹೆಂಡತಿ ಜೋನ್.

ಮರುವರ್ಷ ಸದನಕ್ಕೆ ಊರುಗೋಲಿನೊಂದಿಗೆ ಬಂದವರು ಕೈಗೆತ್ತಿಕೊಂಡ ಮೊದಲ ದೊಡ್ಡ ಹೋರಾಟದಲ್ಲಿ ಸೋತರು. ದಕ್ಷಿಣದ ಕೆಲವು ರಾಜ್ಯಗಳಲ್ಲಿ ಮತ ಹಾಕಬೇಕಾದರೆ ತಲೆಗಂದಾಯ ಕಟ್ಟಬೇಕಿತ್ತು. ಬಡ ಕರಿಯರನ್ನು ಹೊರಗಿಡುವ ಉಪಾಯ ಅದು. ಅದನ್ನು ರದ್ದು ಮಾಡುವ ಕೆನಡಿ ತಿದ್ದುಪಡಿ 45–49ರಲ್ಲಿ ಬಿತ್ತು. ನಾಲ್ಕೇ ಮತದ ಅಂತರ. ಮರುವರ್ಷ ಸುಪ್ರೀಂ ಕೋರ್ಟೇ ಆ ಕಂದಾಯವನ್ನು ತೆಗೆದುಹಾಕಿತು. ಸೋಲನ್ನು ಕೊನೆಯ ಲೆಕ್ಕ ಎಂದು ಅವರು ಆಮೇಲೆ ಎಂದೂ ನಂಬಿದಂತೆ ಕಾಣುವುದಿಲ್ಲ.

ನೂರು ಜಾಗದಿಂದ ಇಪ್ಪತ್ತು ಸಾವಿರಕ್ಕೆ

ಕನ್ನಡಿಗರಿಗೆ ತೀರಾ ಹತ್ತಿರದ ಲೆಕ್ಕ ಇಲ್ಲಿಂದ ಶುರು. ಅಮೆರಿಕಕ್ಕೆ ವಲಸೆ ಹೋಗಲು ಅಲ್ಲಿಯವರೆಗೆ ದೇಶವಾರು ಕೋಟಾ ಇತ್ತು. ಈಗಾಗಲೇ ಅಲ್ಲಿರುವವರು ಯಾವ ಮೂಲದವರೋ ಆ ಮೂಲಕ್ಕೇ ಹೆಚ್ಚು ಪಾಲು. ಬ್ರಿಟನ್ನಿಗೆ ವರ್ಷಕ್ಕೆ 65,000ಕ್ಕೂ ಹೆಚ್ಚು ಜಾಗ. ಭಾರತಕ್ಕೆ 100. ಸೊನ್ನೆ ಬಿಟ್ಟುಹೋದದ್ದಲ್ಲ, ಬರೀ ನೂರು. 1961ರ ಜನಗಣತಿಯಂತೆ ಭಾರತದಲ್ಲಿ ಸುಮಾರು 44 ಕೋಟಿ ಜನ. ಮೈಸೂರು ರಾಜ್ಯದಲ್ಲಿ 2 ಕೋಟಿ 36 ಲಕ್ಷ. ಜನಸಂಖ್ಯೆಗೆ ತಕ್ಕಂತೆ ಹಂಚಿದ್ದರೆ ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯಕ್ಕೆ ವರ್ಷಕ್ಕೆ ಬರುತ್ತಿದ್ದದ್ದು ಐದು ಜಾಗ.

1965ರಲ್ಲಿ ಈ ಕೋಟಾವನ್ನು ಕಿತ್ತುಹಾಕುವ ಮಸೂದೆಯನ್ನು ಸೆನೆಟ್‌ನಲ್ಲಿ ದಡ ಮುಟ್ಟಿಸುವ ಹೊಣೆ 33ರ ಹರೆಯದ ಕೆನಡಿಯವರ ಮೇಲೆ ಬಿತ್ತು. ಮುತ್ತಜ್ಜ, ಮುತ್ತಜ್ಜಿಯರೆಲ್ಲ ಐರ್ಲೆಂಡಿನಿಂದ ಹಡಗಿನಲ್ಲಿ ಬಂದವರಾದ್ದರಿಂದ ವಲಸೆ ಅವರಿಗೆ ಮನೆಯ ವಿಷಯವೇ. ಸೆಪ್ಟೆಂಬರ್ 22ರಂದು 76–18ರಲ್ಲಿ ಮಸೂದೆ ಪಾಸಾಯಿತು. ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕೆಳಗೆ ಮೇಜು ಹಾಕಿಸಿಕೊಂಡು ಸಹಿ ಮಾಡಿದರು. ಹೊಸ ನಿಯಮದಂತೆ ಪೂರ್ವ ಗೋಳಾರ್ಧದ ಯಾವ ದೇಶಕ್ಕಾದರೂ ವರ್ಷಕ್ಕೆ 20,000ದವರೆಗೆ ಜಾಗ. ಅಮೆರಿಕದ ಪೌರರ ಗಂಡ, ಹೆಂಡತಿ, ಚಿಕ್ಕ ಮಕ್ಕಳು, ತಂದೆತಾಯಿ ಈ ಮಿತಿಗೂ ಹೊರಗೆ. ಭಾರತದ ಪಾಲು ಒಂದೇ ಸಹಿಯಲ್ಲಿ 200 ಪಟ್ಟು ಹೆಚ್ಚಿತು.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದು ಮಸೂದೆ ತಂದವರಿಗೇ ತಿಳಿದಿರಲಿಲ್ಲ. ಇದರಿಂದ ದೇಶದ ಜನಾಂಗೀಯ ಚಹರೆ ಏರುಪೇರಾಗುವುದಿಲ್ಲ ಎಂದು ಕೆನಡಿ ಸಮಿತಿಯ ಮುಂದೆ ಭರವಸೆ ಕೊಟ್ಟಿದ್ದರು. ಅಂಕಿಗಳು ಆ ಮಾತನ್ನು ಕೇಳಲಿಲ್ಲ. 1960ರಲ್ಲಿ ಅಮೆರಿಕದಲ್ಲಿದ್ದ ಭಾರತದಲ್ಲಿ ಹುಟ್ಟಿದವರು ಸುಮಾರು 12,000. 1980ಕ್ಕೆ ಎರಡು ಲಕ್ಷ, 2000ಕ್ಕೆ ಹತ್ತು ಲಕ್ಷ. 2020ರ ಜನಗಣತಿಯಲ್ಲಿ ತಮ್ಮನ್ನು ಭಾರತೀಯ ಮೂಲದವರೆಂದು ಮಾತ್ರ ಬರೆಸಿದವರು ಸುಮಾರು 44 ಲಕ್ಷ. ಮೊದಲು ಹೋದವರು ಡಾಕ್ಟರುಗಳು, ಎಂಜಿನಿಯರುಗಳು, ಪಿಎಚ್.ಡಿ. ಓದಲು ಹೋದವರು. ಅವರ ಹಿಂದೆ ಮನೆಯವರು. ಆಮೇಲೆ ಊರೂರಿಗೂ ಒಂದೊಂದು ಕನ್ನಡ ಕೂಟ. ಆ ಕೂಟಗಳು ಕೂಡಿ 1998ರಲ್ಲಿ ‘ಅಕ್ಕ’ ಎಂಬ ಒಕ್ಕೂಟವಾಯಿತು. ಯುಗಾದಿಗೆ ಒಬ್ಬಟ್ಟು, ನವೆಂಬರಿಗೆ ರಾಜ್ಯೋತ್ಸವ ಮಾಡುವ ಆ ಸಭಾಂಗಣಗಳಿಗೆ ದಾರಿ ತೆರೆದ ಕಾನೂನು ಇದೇ.

ಕೆನಡಿ ಅಲ್ಲಿಗೆ ನಿಲ್ಲಲಿಲ್ಲ. 1990ರ ವಲಸೆ ಕಾಯಿದೆಯ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದವರೂ ಅವರೇ. ಅವರ ಮನಸ್ಸಿನಲ್ಲಿದ್ದವರು ಮುಖ್ಯವಾಗಿ ಐರಿಷ್ ಜನ. ಮೊದಲ ಮೂರು ವರ್ಷ ಲಾಟರಿಯ ಮೂಲಕ ಕೊಡುವ 40,000 ವೀಸಾಗಳಲ್ಲಿ ಶೇ 40, ಅಂದರೆ ವರ್ಷಕ್ಕೆ 16,000, ಐರ್ಲೆಂಡಿಗೇ ಮೀಸಲು ಎಂದು ಬರೆಯಲಾಗಿತ್ತು. ಆದರೆ ಅದೇ ಕಾಯಿದೆಯಲ್ಲಿ ಎಚ್-1ಬಿ ಎಂಬ ಇನ್ನೊಂದು ವೀಸಾ ಇತ್ತು. ಪದವಿ ಬೇಕಾಗುವ ಪರಿಣತ ಕೆಲಸಕ್ಕೆ ವರ್ಷಕ್ಕೆ 65,000 ಜನ ಎಂಬ ಮಿತಿ. ಐರಿಷರಿಗಾಗಿ ಹೊರಟ ಕಾನೂನಿನ ದೊಡ್ಡ ಫಲ ಬಂದು ಬಿದ್ದದ್ದು ಬೆಂಗಳೂರಿನಲ್ಲಿ. 2000ನೇ ಇಸವಿಯ ಕಂಪ್ಯೂಟರ್ ದಿನಾಂಕದ ಗಡಿಬಿಡಿ, ಸಾಫ್ಟ್‌ವೇರ್ ಹೊರಗುತ್ತಿಗೆ, ಜಯನಗರ, ಮಲ್ಲೇಶ್ವರದ ಮನೆಗಳಲ್ಲಿ ಡಾಲರಿನ ಮಾತು, ಎಲ್ಲಕ್ಕೂ ಆ 65,000 ಬಾಗಿಲಾಯಿತು. ನಡುವೆ ಮೂರು ವರ್ಷ 1,95,000ಕ್ಕೆ ಏರಿ ಮತ್ತೆ 65,000ಕ್ಕೇ ಇಳಿಯಿತು. ಅಮೆರಿಕದಲ್ಲೇ ಸ್ನಾತಕೋತ್ತರ ಓದಿದವರಿಗೆ ಇನ್ನೊಂದು 20,000 ಸೇರಿತು. ಈ ವೀಸಾಗಳಿಗಾಗಿ 2023ರಲ್ಲಿ ನಡೆದ ಲಾಟರಿಗೆ ನೋಂದಣಿಯಾದ ಅರ್ಜಿಗಳು ಏಳು ಲಕ್ಷಕ್ಕೂ ಹೆಚ್ಚು.

ಅದೇ ಕಾಯಿದೆಯ ಇನ್ನೊಂದು ಚಿಕ್ಕ ಅಂಕಿ ಬಾಗಿಲು ಮುಚ್ಚುತ್ತದೆ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ 1,40,000. ಒಂದು ದೇಶಕ್ಕೆ ಶೇ 7ಕ್ಕಿಂತ ಹೆಚ್ಚಿಲ್ಲ. ಲೆಕ್ಕ ಹಾಕಿದರೆ 9,800. ಬೇರೆ ದೇಶಗಳು ಬಳಸದೆ ಬಿಟ್ಟದ್ದು ಸಿಕ್ಕರೆ ಒಂದಿಷ್ಟು ಹೆಚ್ಚು. ನಾಲ್ಕು ಲಕ್ಷ ಜನರಿರುವ ಐಸ್‌ಲ್ಯಾಂಡಿಗೂ 140 ಕೋಟಿ ಜನರ ಭಾರತಕ್ಕೂ ಒಂದೇ ಮಿತಿ. ಲಕ್ಷಾಂತರ ಭಾರತೀಯರು ದಶಕಗಳ ಸರತಿಯಲ್ಲಿ ನಿಂತಿರುವುದು ಈ ಶೇ 7ರಿಂದ. ತಿಂಗಳಿಗೊಮ್ಮೆ ಬರುವ ವೀಸಾ ಬುಲೆಟಿನ್ ನೋಡಿ ಯಾವ ವರ್ಷದ ಅರ್ಜಿಯವರೆಗೆ ಬಂತು ಎಂದು ಎಣಿಸುವ ಸನಿವೇಲ್, ಎಡಿಸನ್‌ನ ಕನ್ನಡ ಮನೆಗಳಿಗೆ ಈ ಅಂಕಿ ಬಾಯಿಪಾಠ. ವಲಸೆಯ ಒಟ್ಟು ವ್ಯವಸ್ಥೆಯನ್ನೇ ಬದಲಿಸಲು ಕೆನಡಿ 2007ರಲ್ಲಿ ಮತ್ತೊಮ್ಮೆ ಕೈಹಾಕಿದರು. ದಾಖಲೆಯಿಲ್ಲದೆ ಬದುಕುತ್ತಿದ್ದ ಸುಮಾರು 1 ಕೋಟಿ 20 ಲಕ್ಷ ಜನರ ಹಣೆಬರಹ ಅದರಲ್ಲಿತ್ತು. ಬೇಕಾಗಿದ್ದದ್ದು 60 ಮತ, ಬಿದ್ದದ್ದು 46.

ಕೆಸರಿನಲ್ಲಿ ಎಣಿಸಿದ ಕೋಟಿ

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಭಾರತಕ್ಕೆ ಓಡಿಬಂದ ನಿರಾಶ್ರಿತರ ಸಂಖ್ಯೆ, ಭಾರತ ಸರ್ಕಾರದ ಲೆಕ್ಕದಲ್ಲಿ, 98,99,305. ಕೋಟಿಗೆ ಒಂದು ಲಕ್ಷವಷ್ಟೇ ಕಡಿಮೆ. ಅಮೆರಿಕದ ನಿಕ್ಸನ್ ಸರ್ಕಾರ ಪಾಕಿಸ್ತಾನದ ಬೆನ್ನಿಗೆ ನಿಂತಿತ್ತು. ಸೆನೆಟ್‌ನ ನಿರಾಶ್ರಿತರ ಉಪಸಮಿತಿಯ ಅಧ್ಯಕ್ಷರಾಗಿದ್ದ ಕೆನಡಿ ಆಗಸ್ಟ್‌ನಲ್ಲಿ, ಸುರಿಯುವ ಮಳೆಯಲ್ಲಿ, ಬಂಗಾಳದ ಶಿಬಿರಗಳನ್ನು ಸುತ್ತಿದರು. ಕಲ್ಕತ್ತದ ಸಾಲ್ಟ್ ಲೇಕ್ ಶಿಬಿರವೊಂದರಲ್ಲೇ ಸುಮಾರು ಎರಡೂವರೆ ಲಕ್ಷ ಜನ. ಚರಂಡಿಗೆಂದು ತಂದ ಸಿಮೆಂಟ್ ಕೊಳವೆಗಳ ಒಳಗೆ ಸಂಸಾರಗಳು ಬದುಕುತ್ತಿದ್ದವು. ಪಾಕಿಸ್ತಾನ ಕೆನಡಿಯವರನ್ನು ತನ್ನ ದೇಶದೊಳಗೆ ಬಿಡಲಿಲ್ಲ. ತಾವು ಕಂಡದ್ದನ್ನು ಅವರು ನವೆಂಬರ್‌ನಲ್ಲಿ ವರದಿಯಾಗಿ ಸೆನೆಟ್‌ಗೆ ಒಪ್ಪಿಸಿದರು. ತಮ್ಮದೇ ದೇಶದ ನೀತಿಯನ್ನು ಅದರಲ್ಲಿ ನೇರವಾಗಿ ದೂರಿದರು. 1972ರ ಫೆಬ್ರುವರಿಯಲ್ಲಿ ಸ್ವತಂತ್ರ ಬಾಂಗ್ಲಾದೇಶಕ್ಕೆ ಹೋಗಿ, ಪಾಕ್ ಸೈನ್ಯ ಕಡಿದುಹಾಕಿದ್ದ ಆಲದ ಮರದ ಜಾಗದಲ್ಲಿ, ಢಾಕಾ ವಿಶ್ವವಿದ್ಯಾಲಯದ ಅಂಗಳದಲ್ಲಿ, ಹೊಸ ಆಲದ ಸಸಿ ನೆಟ್ಟರು.

ಹತ್ತು ಗಂಟೆ

ಈ ಲೆಕ್ಕಪುಸ್ತಕದಲ್ಲಿ ಅಳಿಸಲಾಗದ ಒಂದು ಅಂಕಿಯೂ ಇದೆ. 1969ರ ಜುಲೈ 18ರ ರಾತ್ರಿ ಚಾಪಕ್ವಿಡಿಕ್ ದ್ವೀಪದಲ್ಲಿ ಕೆನಡಿ ಓಡಿಸುತ್ತಿದ್ದ ಕಾರು ಕಿರುಸೇತುವೆಯಿಂದ ನೀರಿಗೆ ಬಿತ್ತು. ಅವರು ಹೊರಬಂದರು. ಜೊತೆಗಿದ್ದ 28 ವರ್ಷದ ಮೇರಿ ಜೋ ಕೊಪೆಕ್ನಿ ಒಳಗೇ ಉಳಿದು ಸತ್ತರು. ಪೊಲೀಸರಿಗೆ ಕೆನಡಿ ತಿಳಿಸಿದ್ದು ಸುಮಾರು ಹತ್ತು ಗಂಟೆಯ ನಂತರ. ಅಪಘಾತದ ಸ್ಥಳ ಬಿಟ್ಟುಹೋದ ತಪ್ಪೊಪ್ಪಿಕೊಂಡರು. ಎರಡು ತಿಂಗಳ ಶಿಕ್ಷೆ, ಅದೂ ಅಮಾನತಿನಲ್ಲಿ. ಒಂದು ದಿನವೂ ಜೈಲು ಕಾಣಲಿಲ್ಲ. ಮರುವರ್ಷ ಅವರ ರಾಜ್ಯ ಶೇ 62 ಮತ ಕೊಟ್ಟು ಮತ್ತೆ ಆರಿಸಿತು. ದೇಶ ಮರೆಯಲಿಲ್ಲ. 1980ರಲ್ಲಿ ಹಾಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಿರುದ್ಧ ಪಕ್ಷದೊಳಗೇ ಸ್ಪರ್ಧಿಸಿ ಸೋತರು. ಶ್ವೇತಭವನದ ದಾರಿ ಅಲ್ಲಿಗೆ ಮುಚ್ಚಿತು. ಆ 300 ಕಾಯಿದೆಗಳ ಯಾವ ಮೊತ್ತವೂ ಆ ಹತ್ತು ಗಂಟೆಗಳನ್ನು ಕಳೆಯಲಾರದು. ಕಳೆಯುತ್ತದೆ ಎಂದು ಹೇಳುವ ಹಕ್ಕು ಬರೆಯುವವರಿಗೂ ಇಲ್ಲ.

ಸಂಜೆಯ ಬ್ಯಾಗು

ಕಾಯಿದೆಗಳು ಹುಟ್ಟುತ್ತಿದ್ದ ಬಗೆ ನೋಡಬೇಕು. ಸಂಜೆ ಕಚೇರಿಯಿಂದ ಹೊರಡುವ ಕೆನಡಿಯವರ ಜೊತೆ ಒಂದು ತೂಕದ ಬ್ಯಾಗು ಹೋಗುತ್ತಿತ್ತು. ಸಿಬ್ಬಂದಿಯೆಲ್ಲ ಅವರವರ ವಿಷಯದ ಟಿಪ್ಪಣಿ ಬರೆದು ಅದರೊಳಗೆ ಹಾಕಬೇಕು. ಬೆಳಿಗ್ಗೆ ಬ್ಯಾಗು ವಾಪಸು ಬಂದಾಗ ಕಾಗದಗಳ ಅಂಚಿನಲ್ಲಿ ಅವರ ಕೊಕ್ಕರೆ ಕಾಲು ಅಕ್ಷರ: ಒಪ್ಪಿಗೆ, ಬೇಡ, ಇವರಿಗೆ ಫೋನ್ ಮಾಡಿ, ಇದನ್ನು ಇನ್ನೊಮ್ಮೆ ವಿವರಿಸಿ. ಆ ಬ್ಯಾಗಿಗೆ ಕಾಗದ ತುಂಬಿಸುವ ಕಚೇರಿಯಲ್ಲಿ ಪಳಗಿದ ಸ್ಟೀಫನ್ ಬ್ರೇಯರ್ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಎದುರು ಪಕ್ಷದವರ ಜೊತೆ ಚೌಕಾಸಿ ಎರಡನೆಯ ಗುಟ್ಟು. ಯೂಟಾ ರಾಜ್ಯದ ರಿಪಬ್ಲಿಕನ್ ಆರಿನ್ ಹ್ಯಾಚ್ ತಾನು ಸೆನೆಟ್‌ಗೆ ಬಂದದ್ದೇ ಕೆನಡಿಯನ್ನು ಎದುರಿಸಲು ಎಂದು ಹೇಳಿಕೊಂಡವರು. ಬಡವರ ಮಕ್ಕಳ ಆರೋಗ್ಯ ವಿಮೆಗಾಗಿ 1997ರಲ್ಲಿ ಈ ಇಬ್ಬರೂ ಒಂದಾದರು. ಹ್ಯಾಚ್ ಹಾಡು ಕಟ್ಟುವವರು. ಅವರ ಮನವೊಲಿಸಲು ಕೆನಡಿ ತಮ್ಮ ಸಹಾಯಕರೊಬ್ಬರಿಂದ ಹ್ಯಾಚ್ ಅವರದೇ ಹಾಡನ್ನು ಅವರೆದುರು ಹಾಡಿಸಿದರು. ಹಣಕ್ಕಾಗಿ ಸಿಗರೇಟು ಪ್ಯಾಕಿಗೆ 43 ಸೆಂಟ್ ತೆರಿಗೆ ಹೆಚ್ಚಿಸಬೇಕೆಂದು ಕೇಳಿದರು. ಸಿಕ್ಕಿದ್ದು 15 ಸೆಂಟ್, ಅದೂ ಎರಡು ಕಂತಿನಲ್ಲಿ. ಮೂರನೇ ಒಂದು ಪಾಲು ಸಿಕ್ಕಿತು, ತೆಗೆದುಕೊಂಡರು. ಹತ್ತು ವರ್ಷದಲ್ಲಿ ಆ ಯೋಜನೆಯಲ್ಲಿ 70 ಲಕ್ಷ ಮಕ್ಕಳಿದ್ದರು.

ಇದೇ ಬಗೆಯಲ್ಲಿ ಸಾಲಾಗಿ ಬಂದವು: 1971ರ ಕ್ಯಾನ್ಸರ್ ಕಾಯಿದೆ, 1986ರಲ್ಲಿ ಅಧ್ಯಕ್ಷ ರೇಗನ್ ಅವರ ವಿಟೋವನ್ನು 78–21ರಲ್ಲಿ ತಳ್ಳಿಹಾಕಿ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಮೇಲೆ ಹೇರಿದ ನಿರ್ಬಂಧ, ಆರಂಭದಲ್ಲೇ 4 ಕೋಟಿ 30 ಲಕ್ಷ ಎಂದು ಅಂಗವಿಕಲರ ಸಂಖ್ಯೆ ಬರೆದುಕೊಂಡ 1990ರ ಹಕ್ಕಿನ ಕಾಯಿದೆ, ಹೆರಿಗೆಗೆ, ಮನೆಯವರ ಕಾಯಿಲೆಗೆ 12 ವಾರ ಸಂಬಳವಿಲ್ಲದ ರಜೆ ಕೊಡಿಸಿದ 1993ರ ಕಾಯಿದೆ. ಯಾವುದೂ ಅವರೊಬ್ಬರದೇ ಅಲ್ಲ. ಎಲ್ಲದರಲ್ಲೂ ಅವರಿದ್ದರು.

ಅರವತ್ತನೆಯ ಮತ

2008ರ ಮೇ ತಿಂಗಳಲ್ಲಿ ಮಿದುಳಿನಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಜೂನ್ 2ರಂದು ಶಸ್ತ್ರಚಿಕಿತ್ಸೆ. ಆ ತಿಂಗಳ ಕೊನೆಗೆ ಸೆನೆಟ್‌ನಲ್ಲಿ ಒಂದು ಮಸೂದೆ ಒಂದೇ ಮತದ ಕೊರತೆಯಿಂದ ನಿಂತುಹೋಯಿತು. ಮೆಡಿಕೇರ್, ಅಂದರೆ ವೃದ್ಧರ ಸರ್ಕಾರಿ ವಿಮೆಯಲ್ಲಿ ಡಾಕ್ಟರುಗಳ ಶುಲ್ಕ ಶೇ 10.6 ಕಡಿತವಾಗುವುದನ್ನು ತಡೆಯುವ ಮಸೂದೆ ಅದು. ಜುಲೈ 9ರಂದು ಮತ್ತೆ ಮತಕ್ಕೆ ಬಂತು. ಸದ್ದಿಲ್ಲದೆ ಕೆನಡಿ ಬೋಸ್ಟನ್‌ನಿಂದ ಹೊರಟು ಬಂದರು. ಆಗ ಸೆನೆಟರುಗಳಾಗಿದ್ದ ಒಬಾಮಾ, ಜಾನ್ ಕೆರಿ, ಕ್ರಿಸ್ ಡಾಡ್ ಜೊತೆಗೆ ಸದನದ ಬಾಗಿಲಲ್ಲಿ ಅವರು ಕಾಣಿಸಿಕೊಂಡಾಗ ಗ್ಯಾಲರಿಯಿಂದ ಕೆಳಗಿನವರೆಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಸದನದಲ್ಲಿ ಚಪ್ಪಾಳೆಗೆ ಅವಕಾಶವಿಲ್ಲ. ಅವತ್ತು ಯಾರೂ ಕೇಳಲಿಲ್ಲ. ಅವರು ಹೌದು ಎಂದರು. 60 ಸೇರಿದ್ದು ಖಚಿತವಾದ ಮೇಲೆ ಒಂಬತ್ತು ರಿಪಬ್ಲಿಕನ್ನರು ತಮ್ಮ ಮತ ಬದಲಿಸಿದರು. ಕೊನೆಯ ಎಣಿಕೆ 69–30. ಒಂದು ಮತ ಹತ್ತಾಯಿತು.

ಎಲ್ಲರಿಗೂ ಆರೋಗ್ಯ ವಿಮೆ ಎಂಬ ಮಸೂದೆಯನ್ನು ಅವರು ಮೊದಲು ತಂದದ್ದು 1970ರಲ್ಲಿ. ಅದು ಒಂದು ರೂಪದಲ್ಲಿ ಸೆನೆಟ್ ದಾಟಿದ್ದು 2009ರ ಡಿಸೆಂಬರ್ 24ರಂದು, 60–39ರಲ್ಲಿ. ಅವರು ಸತ್ತು ನಾಲ್ಕು ತಿಂಗಳಾಗಿತ್ತು. ಸಾಯುವ ವಾರದಲ್ಲೇ, ತನ್ನ ಸ್ಥಾನ ಖಾಲಿ ಬೀಳದಂತೆ ತಾತ್ಕಾಲಿಕ ನೇಮಕಕ್ಕೆ ಅವಕಾಶ ಕೊಡಿ ಎಂದು ಅವರು ರಾಜ್ಯದ ಮುಖಂಡರನ್ನು ಕೇಳಿಕೊಂಡ ಪತ್ರ ಹೊರಬಿದ್ದಿತ್ತು. ಹಾಗೆ ನೇಮಕವಾಗಿ ಅವರ ಕುರ್ಚಿಯಲ್ಲಿ ಕುಳಿತ ಪಾಲ್ ಕರ್ಕ್ ಇಲ್ಲದಿದ್ದರೆ ಎಣಿಕೆ 59ಕ್ಕೆ ನಿಲ್ಲುತ್ತಿತ್ತು. ನಾಲ್ಕು ವಾರದ ಮೇಲೆ ಅದೇ ಸ್ಥಾನವನ್ನು ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ದರು, 60 ಮುಗಿಯಿತು. ಅಷ್ಟರಲ್ಲಿ ಮಸೂದೆ ಸೆನೆಟ್ ದಾಟಿಯಾಗಿತ್ತು. ಮಾರ್ಚ್‌ನಲ್ಲಿ ಒಬಾಮಾ ಸಹಿ ಹಾಕಿದರು. ಆರೇಳು ವರ್ಷದಲ್ಲಿ ಸುಮಾರು ಎರಡು ಕೋಟಿ ಜನರಿಗೆ ಹೊಸದಾಗಿ ವಿಮೆ ಸಿಕ್ಕಿತು.

ಕೊನೆಯ ಅಂಕಿ ಕನಿಷ್ಠ ಕೂಲಿಯದು. ಹತ್ತು ವರ್ಷ ಗಂಟೆಗೆ 5.15 ಡಾಲರಿನಲ್ಲೇ ಸಿಕ್ಕಿಬಿದ್ದಿದ್ದ ಕೂಲಿಯನ್ನು ಏರಿಸಲು 2007ರ ಜನವರಿಯಲ್ಲಿ ಅವರು ಸದನದಲ್ಲಿ ಮುಖ ಕೆಂಪಾಗುವಂತೆ ಕೂಗಾಡಿದರು. ದುಡಿಯುವವರಿಗೆ ಎರಡು ಡಾಲರ್ ಹೆಚ್ಚು ಕೊಡಲು ನಿಮಗೇಕೆ ಇಷ್ಟು ಸಂಕಟ, ಇನ್ನೆಷ್ಟು ತಿದ್ದುಪಡಿ ತಂದು ತಡೆಯುತ್ತೀರಿ ಎಂಬುದು ಅವರ ಪ್ರಶ್ನೆ. ಮುಂದಿನ ವಾರ ಅದೇ ಸದನ 94–3ರಲ್ಲಿ ಒಪ್ಪಿತು. ಮೂರು ಹಂತದಲ್ಲಿ ಏರಿ 7.25 ಡಾಲರ್ ಜಾರಿಗೆ ಬಂದದ್ದು 2009ರ ಜುಲೈ 24ರಂದು, ಅವರು ತೀರಿಕೊಳ್ಳಲು ಒಂದು ತಿಂಗಳು ಇರುವಾಗ. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೆ 15,080 ಡಾಲರ್. ಅಮೆರಿಕದ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ ಇಂದಿಗೂ 7.25. ಅಮೆರಿಕದ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ ಇಂದಿಗೂ 7.25. ಏರಿಸುವ ಮಸೂದೆಗಳೇನೋ ಬರುತ್ತಲೇ ಇವೆ, ಬೀಳುತ್ತಲೂ ಇವೆ. ಎಂಟನೆಯದನ್ನು ಹಿಡಿದು ಬರುವವರು ಬೇಕು.